ಐಆರ್ + ಎಫ್‌ಆರ್‌ಎಫ್‌ಆರ್: ಹೆಡ್‌ಫೋನಿನಲ್ಲಿ ಸೂಪರ್, ಡ್ರಮ್ಸ್ ಜೊತೆ ಚುಚ್ಚುತ್ತದೆ. ನಿಜವಾದ ಕ್ಯಾಬ್ ಸೌಂಡ್ ಬರಿಸೋದು ಹೇಗೆ?

ತಂತಿಗಾರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಬೆಂಗಳೂರಿನಲ್ಲಿ ಒಂದು ಕವರ್ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವದ ಸೀಸನ್‌ನಲ್ಲಿ ಆರ್ಕೆಸ್ಟ್ರಾಗೂ ಹೋಗುತ್ತೇನೆ. ಇಷ್ಟು ವರ್ಷ ಜ್ಯಾಮ್ ರೂಮಿನಲ್ಲಿದ್ದ 50 ವ್ಯಾಟ್ ಟ್ಯೂಬ್ ಹೆಡ್, ಅದಕ್ಕೆ ಸೆಲೆಶನ್ ವಿಂಟೇಜ್ 30 ಸ್ಪೀಕರ್ ಇರುವ 2×12 ಕ್ಯಾಬ್ (12 ಇಂಚಿನ ಎರಡು ಸ್ಪೀಕರ್ ಕೂರಿಸಿದ ಡಬ್ಬ), ಇದೇ ನನ್ನ ಸೌಂಡ್ ಆಗಿತ್ತು. ಆ ಜ್ಯಾಮ್ ರೂಮ್ ಮುಚ್ಚಿತು. ಈಗ ಒಂದು ಫ್ಲೋರ್ ಪ್ರೊಸೆಸರ್ ಇದೆ, ಅದರಿಂದ ಸೀದಾ 12 ಇಂಚಿನ ಪವರ್ಡ್ ಎಫ್‌ಆರ್‌ಎಫ್‌ಆರ್ (ಫುಲ್ ರೇಂಜ್ ಫ್ಲಾಟ್ ರೆಸ್ಪಾನ್ಸ್) ಸ್ಪೀಕರ್‌ಗೆ ಹೋಗುತ್ತೇನೆ. ಒಳಗೆ ಅದೇ ಥರದ ಆಂಪ್ ಮಾಡೆಲ್, ಅದೇ ವಿಂಟೇಜ್ 30 ಕ್ಯಾಬ್‌ನ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಕ್ಯಾಬ್ ಸೌಂಡನ್ನು ಹಿಡಿದಿಟ್ಟ ಫೈಲ್) ಹಾಕಿದ್ದೇನೆ.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಸೂಪರ್. ರೆಕಾರ್ಡ್ ಮಾಡಿದರೂ ಸೂಪರ್. ಡ್ರಮ್ಮರ್ ಜೊತೆ ಪ್ರಾಕ್ಟೀಸ್‌ಗೆ ನಿಂತರೆ ಮಾತ್ರ ಕಥೆ ಬೇರೆ. ಪಾಮ್ ಮ್ಯೂಟ್ (ಅಂಗೈ ತಂತಿಗೆ ತಾಗಿಸಿ ನುಡಿಸೋದು) ಮಾಡಿದರೆ ಕೆಳಗೆ ಗುಂಯ್ ಅನ್ನುತ್ತದೆ, ಮೇಲೆ ಕಿವಿಗೆ ಚುಚ್ಚುತ್ತದೆ, ನಡುವೆ ಗಿಟಾರ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಹಳೇ ಕ್ಯಾಬ್ ಮುಂದೆ ನಿಂತು ಒಂದು ಕಾರ್ಡ್ ಹೊಡೆದರೆ ಕಾಲಿಗೆ ಗಾಳಿ ತಾಗುತ್ತಿತ್ತು. ಇದರಲ್ಲಿ ಯಾರೋ ನುಡಿಸಿದ ಸಿಡಿ ಕೇಳಿದ ಹಾಗಿದೆ. ಇನ್ನೂ ಒಳ್ಳೆ ಐಆರ್ ಪ್ಯಾಕ್ ಕೊಳ್ಳಬೇಕಾ, ಸ್ಪೀಕರ್ ಬದಲಿಸಬೇಕಾ, ಅಥವಾ ಇದರ ಹಣೆಬರಹವೇ ಇಷ್ಟಾ?

ಕರಾವಳಿ_ರಿಫ್:

ಇದರ ಹಣೆಬರಹವೇ ಇಷ್ಟು ಮಾರಾಯ್ರೆ. ಎಫ್‌ಆರ್‌ಎಫ್‌ಆರ್ ಅಂದರೆ ಡಿಜೆ ಬಾಕ್ಸಿಗೆ ಗಿಟಾರ್ ಅಂಗಡಿಯಲ್ಲಿ ಇಟ್ಟ ಹೆಸರು. ಮಾರಿ, ಬಂದ ದುಡ್ಡಿಗೆ ಒಂದು ಹಳೇ 1×12 ಕ್ಯಾಬ್, ಸಣ್ಣ ಪವರ್ ಆಂಪ್ ತಗೊಳ್ಳಿ. ಐಆರ್ ಆಫ್ ಮಾಡಿ. ಮುಗೀತು.

ಸೈನ್_ಸ್ವೀಪ್:

ರಿಫ್ ಅವರು ಹೇಳಿದ್ದು ಒಂದು ದಾರಿ, ತಪ್ಪೇನಿಲ್ಲ. ಆದರೆ ತಂತಿಗಾರ ಅವರೇ, ಮಾರುವ ಮುಂಚೆ ಐಆರ್ ಒಳಗೆ ನಿಜವಾಗಿ ಏನಿದೆ ಅಂತ ಒಂದ್ಸಲ ನೋಡಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಐಆರ್ ಮಾಡುವವರು ಕ್ಯಾಬ್‌ಗೆ ಒಂದು ಸೈನ್ ಸ್ವೀಪ್ ಕಳಿಸುತ್ತಾರೆ. ಅಂದರೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ತನಕ ಮೆಲ್ಲಗೆ ಏರುವ ಒಂದೇ ಸ್ವರ. ಕ್ಯಾಬ್ ಮುಂದೆ ಇಟ್ಟ ಮೈಕ್ ಅದನ್ನು ಹಿಡಿಯುತ್ತದೆ. ಕಳಿಸಿದ್ದು ಏನು, ಬಂದದ್ದು ಏನು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಒಂದು ಪುಟ್ಟ ವೇವ್ ಫೈಲ್ ಕೊಡುತ್ತದೆ. ಇಟಲಿಯ ಆಂಜೆಲೊ ಫರೀನಾ 2000ರಲ್ಲಿ ಈ ಸ್ವೀಪ್ ವಿಧಾನವನ್ನು ವಿವರಿಸಿ ಒಂದು ಪ್ರಬಂಧ ಬರೆದರು. ಅದರ ಚಂದ ಏನಂದರೆ ಸ್ಪೀಕರ್‌ನ ಡಿಸ್ಟಾರ್ಷನ್ ಲೆಕ್ಕದಲ್ಲಿ ಬೇರೆಯಾಗಿ ಮುಂದೆ ಸರಿದು ಕೂರುತ್ತದೆ, ಅದನ್ನು ಕತ್ತರಿಸಿ ಹಾಕಿದರೆ ಉಳಿದದ್ದು ಕ್ಲೀನ್ ಆಗಿರುತ್ತದೆ.

ಆ ಫೈಲ್‌ನಲ್ಲಿ ಕ್ಯಾಬ್ ಒಂದೇ ಇಲ್ಲ. ಸ್ಪೀಕರ್ ಇದೆ, ಡಬ್ಬ ಇದೆ, ಮೈಕ್ ಇದೆ, ಮೈಕ್ ಯಾವ ಜಾಗದಲ್ಲಿತ್ತು ಅನ್ನೋದೂ ಇದೆ, ಪ್ರೀಆಂಪ್ ಇದೆ, ಸ್ವೀಪ್ ಕಳಿಸಿದ ಪವರ್ ಆಂಪ್ ಕೂಡ ಸ್ವಲ್ಪ ಇದೆ. ಸಾಮಾನ್ಯವಾಗಿ ಆ ಮೈಕ್ ಎಸ್‌ಎಂ57, ಗ್ರಿಲ್ ಬಟ್ಟೆಯಿಂದ ಒಂದೆರಡು ಇಂಚು ದೂರದಲ್ಲಿ. ನೀವು ಜ್ಯಾಮ್ ರೂಮಿನಲ್ಲಿ ಯಾವತ್ತಾದರೂ ಮಂಡಿಯೂರಿ ಸ್ಪೀಕರ್‌ಗೆ ಕಿವಿ ಒತ್ತಿ ನುಡಿಸಿದ್ದೀರಾ? ಇಲ್ಲ ಅಲ್ವಾ. ಕ್ಯಾಬ್ ನೆಲದ ಮೇಲೆ, ನಿಮ್ಮ ಕಿವಿ ಐದಡಿ ಮೇಲೆ, ಅದೂ ಪಕ್ಕಕ್ಕೆ.

ಇದು ಯಾಕೆ ಮುಖ್ಯ ಅಂದರೆ 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 1,000-1,500 ಹರ್ಟ್ಜ್ ದಾಟಿದ ಮೇಲೆ ಸೌಂಡನ್ನು ಎಲ್ಲ ಕಡೆ ಹರಡಲ್ಲ, ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಎಸೆಯುತ್ತದೆ. ಆ ಟ್ರೆಬಲ್ ಎಲ್ಲ ನಿಮ್ಮ ಮೊಣಕಾಲಿಗೆ ಹೋಗುತ್ತಿತ್ತು. ನಿಮ್ಮ ಕಿವಿಗೆ ಬರುತ್ತಿದ್ದದ್ದು ಗೋಡೆ, ನೆಲ, ಸೀಲಿಂಗ್ ತಟ್ಟಿ ಮೆತ್ತಗಾದದ್ದು. ಎಫ್‌ಆರ್‌ಎಫ್‌ಆರ್‌ನಲ್ಲಿ ಹಾರ್ನ್ ಇದೆ. ಅದರ ಕೆಲಸವೇ ಟ್ರೆಬಲ್ ಅನ್ನು ಅಗಲಕ್ಕೆ ಹರಡೋದು. ಮೈಕ್ ಹಿಡಿದ ಹತ್ತಿರದ ಸೌಂಡು ಹಾಗೇ ಇಡೀ ರೂಮಿಗೆ, ಎಲ್ಲ ಕೋನದಲ್ಲೂ ಸಿಗುತ್ತದೆ. ಅದಕ್ಕೇ ಚುಚ್ಚೋದು.

ಹಾಗಾಗಿ ಐಆರ್ ಪ್ಲಸ್ ಎಫ್‌ಆರ್‌ಎಫ್‌ಆರ್ ಕೊಡೋದು ಮೈಕ್ ಇಟ್ಟ ಕ್ಯಾಬ್‌ನ ಸೌಂಡ್. ಜನ ಎದುರಿನ ಪಿಎ ಸ್ಪೀಕರ್‌ನಲ್ಲಿ ಮೊದಲಿಂದಲೂ ಕೇಳುತ್ತಿದ್ದದ್ದು ಅದನ್ನೇ. ಕೇಳದೇ ಇದ್ದವರು ನಾವು ಮಾತ್ರ. ಹೆಡ್‌ಫೋನಿನಲ್ಲಿ ಅದು ಸರಿ ಅನ್ನಿಸುವುದು ಅದಕ್ಕೇ, ರೆಕಾರ್ಡಿಂಗ್ ಕೇಳಿ ಪಳಗಿದ ಕಿವಿ.

ವಿಂಟೇಜ್ 30ಗೆ ಸೆಲೆಶನ್ ಕೊಡುವ ವ್ಯಾಪ್ತಿ 70ರಿಂದ 5,000 ಹರ್ಟ್ಜ್. ಅದರ ಮೇಲೆ ಸ್ಪೀಕರ್ ಜೋರಾಗಿ ಕೆಳಗೆ ಬೀಳುತ್ತದೆ, ಆದರೆ ಸೊನ್ನೆ ಆಗಲ್ಲ. ಹತ್ತಿರದ ಮೈಕ್‌ಗೆ ಆ ಉಳಿಕೆ ಕೇಳಿಸುತ್ತದೆ, ಹಾರ್ನ್ ಅದನ್ನು ಎತ್ತಿ ತೋರಿಸುತ್ತದೆ. ಹೈ ಕಟ್ (ಅದಕ್ಕಿಂತ ಮೇಲಿನದ್ದನ್ನು ಕತ್ತರಿಸುವ ಫಿಲ್ಟರ್) ಅನ್ನು 6,000ದ ಹತ್ತಿರ ಇಡಿ. ಇನ್ನೂ ಚುಚ್ಚಿದರೆ 5,000ಕ್ಕೆ ಇಳಿಸಿ, ಹೆದರಬೇಡಿ. ಲೋ ಕಟ್ (ಕೆಳಗಿನದ್ದನ್ನು ಕತ್ತರಿಸುವುದು) 90-100 ಹರ್ಟ್ಜ್. ಐಆರ್ ಆರಿಸುವಾಗ ಸ್ಪೀಕರ್‌ನ ನಟ್ಟನಡುವೆ ಮೈಕ್ ಇಟ್ಟದ್ದು ಬಿಡಿ. ನಡುವಿನ ಗುಂಡನೆ ಕ್ಯಾಪ್ ಮತ್ತು ಅದರ ಸುತ್ತಲಿನ ಕೋನ್ ಸೇರುವ ಅಂಚಿನದ್ದು ಅಥವಾ ರಾಯರ್ ಆರ್-121 ಥರದ ರಿಬ್ಬನ್ ಮೈಕ್‌ನದ್ದು ಹಾಕಿ ನೋಡಿ. ಹೊಸ ಪ್ಯಾಕ್ ಕೊಳ್ಳಬೇಡಿ. ನಿಮ್ಮ ಹತ್ತಿರ ಇರೋದರಲ್ಲೇ ಇವೆಲ್ಲ ಇರುತ್ತವೆ.

ಬೆಡ್‌ರೂಮ್_ಹೀರೋ:

"ಹೊಸ ಪ್ಯಾಕ್ ಕೊಳ್ಳಬೇಡಿ" ಅಂದಿದ್ದು ನನಗೇ ಅನ್ನಿಸಿತು. ನನ್ನ ಹಾರ್ಡ್ ಡಿಸ್ಕಿನಲ್ಲಿ ಗಿಟಾರ್ ಟ್ರ್ಯಾಕ್‌ಗಿಂತ ಐಆರ್ ಫೈಲೇ ಜಾಸ್ತಿ ಇವೆ ಗುರುಗಳೇ.

ಡೆಸ್ಕ್_ಹಿಂದೆ:

ನಾನು ಲೈವ್ ಸೌಂಡ್ ಮಾಡುತ್ತೇನೆ. ಪ್ರೊಸೆಸರ್ ಹಿಡಿದು ಬರುವ ಗಿಟಾರಿಸ್ಟ್‌ಗಳನ್ನು ವಾರವಾರ ನೋಡುತ್ತೇನೆ, ಅದಕ್ಕೆ ನನ್ನ ಕಡೆಯದ್ದೂ ಹೇಳಿಬಿಡುತ್ತೇನೆ.

ನಿಮ್ಮ ದೊಡ್ಡ ತೊಂದರೆ ಐಆರ್ ಅಲ್ಲ, ವಾಲ್ಯೂಮ್. ಮನೆಯಲ್ಲಿ ಮೆಲ್ಲಗೆ ಕೇಳುತ್ತಾ ಮಾಡಿದ ಪ್ಯಾಚ್ (ಪ್ರೊಸೆಸರ್‌ನಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಸ್ಟೇಜ್ ವಾಲ್ಯೂಮ್‌ನಲ್ಲಿ ಹಾಗೇ ಇರಲ್ಲ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದು ಇದನ್ನು: ಸೌಂಡು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬಾಸ್ ತೀರಾ ಕಡಿಮೆ ಕೇಳುತ್ತದೆ, ಮೇಲ್ತುದಿಯ ಟ್ರೆಬಲ್ ಕೂಡ ಸ್ವಲ್ಪ ಕಡಿಮೆ. ಜೋರು ಮಾಡುತ್ತಾ ಹೋದ ಹಾಗೆ ಎರಡೂ ಎದ್ದು ಬರುತ್ತವೆ. ರಾತ್ರಿ ಹೆಡ್‌ಫೋನಿನಲ್ಲಿ "ಸ್ವಲ್ಪ ಬಾಸ್ ಬೇಕು, ಸ್ವಲ್ಪ ಪ್ರೆಸೆನ್ಸ್ ಬೇಕು, ಮಿಡ್ ಯಾಕೋ ಮೂಗಿನಲ್ಲಿ ಹಾಡಿದ ಹಾಗಿದೆ, ತೆಗಿ" ಅಂತ ತಿರುಗಿಸಿರುತ್ತೀರಿ. ಡ್ರಮ್ಸ್ ಪಕ್ಕ ಜೋರು ಮಾಡಿದಾಗ ಬಾಸ್ ಗುಂಯ್, ಪ್ರೆಸೆನ್ಸ್ ಸೂಜಿ, ಮಿಡ್ ಇಲ್ಲ. ನೀವು ಬರೆದ ಲಕ್ಷಣ ಪೂರ್ತಿ ಇದೇ.

ಮದ್ದು ಬೇಜಾರಿನದ್ದು. ಸ್ಪೀಕರ್ ಅನ್ನು ಪ್ರಾಕ್ಟೀಸ್ ರೂಮಿಗೆ ಒಯ್ಯಿರಿ, ಬ್ಯಾಂಡ್ ನುಡಿಸುವಷ್ಟೇ ಜೋರು ಮಾಡಿ, ಅಲ್ಲೇ ಪ್ಯಾಚ್ ಮಾಡಿ. ಅಪಾರ್ಟ್‌ಮೆಂಟಿನಲ್ಲಿ ಆಗಲ್ಲ ಅಂತ ಗೊತ್ತು. ಬ್ಯಾಂಡ್‌ನವರಿಗಿಂತ ಮುಂಚೆ ಹೋಗಿ.

ಎರಡನೇದು ಸ್ಪೀಕರ್ ಎಲ್ಲಿಟ್ಟಿದ್ದೀರಿ ಅಂತ. ನೆಲದ ಮೇಲಿಟ್ಟರೆ ಬಾಸ್ ತಾನಾಗಿ ಏರುತ್ತದೆ, ಲೆಕ್ಕದ ಪ್ರಕಾರ 6 ಡಿಬಿ ತನಕ. ಹಿಂದೆ ಗೋಡೆ ಇದ್ದರೆ ಇನ್ನೂ, ಮೂಲೆಗೆ ತಳ್ಳಿದರೆ ಮತ್ತೂ. ಎಲ್ಲರೂ ಮೂಲೆಗೇ ತಳ್ಳುತ್ತಾರೆ, ಜಾಗ ಇರೋದೇ ಅಲ್ಲಿ! ಒಂದು ಸ್ಟೂಲೋ ಖಾಲಿ ಕೇಸೋ ಹಾಕಿ ಮೇಲೆತ್ತಿ. ಇನ್ನೊಂದು, ಪವರ್ಡ್ ಸ್ಪೀಕರ್‌ಗಳ ಹಿಂದೆ ಡಿಎಸ್‌ಪಿ ಪ್ರಿಸೆಟ್ ಇರುತ್ತದೆ. ಹಾಡು ಹಾಕಲು ಒಂದು, ಮಾನಿಟರ್‌ಗೆ ಒಂದು, ಕಾಂಟೂರ್ ಅಂತ ಒಂದು ಬಟನ್. ಅಂಗಡಿಯಲ್ಲಿ ಡೆಮೊ ಜೋರಾಗಿ ಕೇಳಲಿ ಅಂತ ಬಾಸ್ ಟ್ರೆಬಲ್ ಎರಡೂ ಎತ್ತಿದ ಪ್ರಿಸೆಟ್ ಇರಬಹುದು. ಎಲ್ಲ ಫ್ಲಾಟ್ ಮಾಡಿ. ಬಾಕ್ಸಿನ ಮೇಲೆ ಫ್ಲಾಟ್ ಅಂತ ಬರೆದಿದೆ ಅಂತ ಎರಡು ಬ್ರ್ಯಾಂಡ್ ಸ್ಪೀಕರ್ ಒಂದೇ ಥರ ಕೇಳುತ್ತವೆ ಅಂದುಕೊಳ್ಳಬೇಡಿ. ಅದರಲ್ಲೂ ಹಾರ್ನ್ ಮತ್ತು ವೂಫರ್ ಕೈ ಬದಲಿಸುವ 2,000-3,000 ಹರ್ಟ್ಜ್ ಸುತ್ತ ಪ್ರತಿ ಸ್ಪೀಕರ್‌ಗೂ ಒಂದೊಂದು ಗುಣ. ಗಿಟಾರ್‌ನ ಜೀವ ಇರೋದೂ ಅಲ್ಲೇ.

ಇನ್ನು ರಿಫ್ ಸರ್‌ಗೆ ಒಂದು ಮಾತು. ಆರ್ಕೆಸ್ಟ್ರಾ ಸ್ಟೇಜ್‌ನಲ್ಲಿ ಗಿಟಾರ್ ಕ್ಯಾಬ್ ತಂದು ಇಟ್ಟರೆ ಅದು ಸಿಂಗರ್ ಮೈಕಿನಲ್ಲೇ ಅರ್ಧ ಬರುತ್ತದೆ. ಹತ್ತು ಜನ ಸ್ಟೇಜ್ ಮೇಲೆ, ನಾಲ್ಕು ವೆಡ್ಜ್ (ನೆಲದ ಮಾನಿಟರ್ ಸ್ಪೀಕರ್), ಪೆಂಡಾಲ್. ಅಲ್ಲಿ ನನಗೆ ಐಆರ್ ಇರುವ ಲೈನ್ ಸಿಗೋದೇ ದೊಡ್ಡ ಉಪಕಾರ. ಡಿಸ್ಟಾರ್ಷನ್ ಪೆಡಲ್ ಅನ್ನು ಸುಮ್ನೆ ಡಿಐ ಬಾಕ್ಸಿಗೆ (ಸಿಗ್ನಲ್ ಸೀದಾ ಮಿಕ್ಸರ್‌ಗೆ ಕಳಿಸುವ ಡಬ್ಬ) ಚುಚ್ಚಿ "ಅಕ್ಕ, ಸೆಟ್ ಮಾಡಿ" ಅನ್ನುವವರು ಈಗಲೂ ಇದ್ದಾರೆ, ಆ ಸೌಂಡ್ ಕೇಳಿದ ಮೇಲೆ ಯಾವ ಐಆರ್ ಆದರೂ ಅಮೃತ.

ಬಿಸಿ_ವಾಲ್ವ್:

ಟ್ಯೂಬ್ ಆಂಪ್ ರಿಪೇರಿ ನನ್ನ ಕೆಲಸ. ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ "ಕಾಲಿಗೆ ಗಾಳಿ ತಾಗುತ್ತಿತ್ತು" ಅನ್ನುವ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

8 ಓಮ್ ಸ್ಪೀಕರ್ ಅಂತ ಬರೆದಿರುತ್ತದಲ್ಲ, ಅದು 8 ಓಮ್ ಇರೋದು ಒಂದು ಸಣ್ಣ ಭಾಗದಲ್ಲಿ ಮಾತ್ರ. ಸ್ಪೀಕರ್ ತನ್ನ ರೆಸೊನೆನ್ಸ್‌ನಲ್ಲಿ (ಅದು ತಾನಾಗಿ ಹೆಚ್ಚು ಅದುರುವ ಫ್ರೀಕ್ವೆನ್ಸಿ), ವಿಂಟೇಜ್ 30ಗೆ ಅದು 75 ಹರ್ಟ್ಜ್, ಡಬ್ಬದೊಳಗೆ ಹೋದರೆ ಇನ್ನೂ ಸ್ವಲ್ಪ ಮೇಲೆ, ಅಲ್ಲಿ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ಆ ತಡೆ) ಹಲವು ಪಟ್ಟು ಏರುತ್ತದೆ. ಮತ್ತೆ ಇಳಿದು 300-400ರ ಸುತ್ತ 8ರ ಹತ್ತಿರ ಬರುತ್ತದೆ. ಅಲ್ಲಿಂದ ಮೇಲಕ್ಕೆ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್ ಕಾರಣ ಮತ್ತೆ ಏರುತ್ತಾ ಹೋಗುತ್ತದೆ. ಟ್ರಾನ್ಸಿಸ್ಟರ್ ಪವರ್ ಆಂಪ್‌ಗೆ ಇದು ಲೆಕ್ಕಕ್ಕೇ ಇಲ್ಲ, ವೋಲ್ಟೇಜ್ ಅಷ್ಟೇ ಇರುತ್ತದೆ. ಟ್ಯೂಬ್ ಆಂಪ್ ಹಾಗಲ್ಲ, ಅದರ ಡ್ಯಾಂಪಿಂಗ್, ಅಂದರೆ ಸ್ಪೀಕರ್ ಮೇಲಿನ ಹಿಡಿತ, ಕಡಿಮೆ. ಇಂಪೀಡೆನ್ಸ್ ಎಲ್ಲಿ ಏರಿತೋ ಅಲ್ಲಿ ವೋಲ್ಟೇಜೂ ಏರುತ್ತದೆ. ಅಂದರೆ ಕೆಳಗೆ ಒಂದು ಉಬ್ಬು, ಮೇಲೆ ಒಂದು ಏರು. ಆ ಪಾಮ್ ಮ್ಯೂಟ್‌ನ "ಧಡ್" ಬರೋದು ಈ ಉಬ್ಬಿನಿಂದ. ಆಂಪ್ ಮತ್ತು ಕ್ಯಾಬ್ ಎರಡೂ ಸೇರಿ ಮಾಡುವ ಕೆಲಸ ಇದು.

ಐಆರ್ ತೆಗೆಯುವಾಗ ಫ್ಲಾಟ್ ಪವರ್ ಆಂಪ್ ಬಳಸುತ್ತಾರೆ, ಬಳಸಬೇಕು ಕೂಡ. ಹಾಗಾಗಿ ಈ ಉಬ್ಬು ಐಆರ್‌ನಲ್ಲಿ ಇರಲ್ಲ. ಅದು ಆಂಪ್ ಮಾಡೆಲ್‌ನಲ್ಲಿ ಇರಬೇಕು. ಫ್ರ್ಯಾಕ್ಟಲ್ ಥರದ ಯೂನಿಟ್‌ಗಳಲ್ಲಿ ಆಂಪ್ ಬ್ಲಾಕ್ ಒಳಗೇ ಸ್ಪೀಕರ್ ಇಂಪೀಡೆನ್ಸ್ ಕರ್ವ್ ಅಂತ ಬೇರೆ ಸೆಟ್ಟಿಂಗ್ ಇದೆ. 4×12 ಐಆರ್ ಹಾಕಿ ಆ ಕರ್ವ್ ಮಾತ್ರ ಚಿಕ್ಕ ಓಪನ್ ಬ್ಯಾಕ್ ಕಾಂಬೊದ್ದು ಬಿಟ್ಟರೆ ಎರಡೂ ಹೊಂದಲ್ಲ. ನಿಮ್ಮ ಯೂನಿಟ್‌ನಲ್ಲಿ ರೆಸೊನೆನ್ಸ್, ಡೆಪ್ತ್ ಅಂತ ಏನಾದರೂ ಇದ್ದರೆ ಅಲ್ಲಿ ಕೈ ಆಡಿಸಿ. ಬಾಸ್ ನಾಬ್ ತಿರುಗಿಸಿದರೆ ಅದು ಸಿಗಲ್ಲ, ಯಾಕಂದರೆ ಆ ನಾಬ್ ಇರೋದು ಪ್ರೀಆಂಪ್ ಕಡೆ, ಪವರ್ ಆಂಪ್‌ಗಿಂತ ಮುಂಚೆ.

ನಿಜವಾದ ಟ್ಯೂಬ್ ಹೆಡ್‌ಗೆ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಪವರ್ ಹೀರುವ ಡಬ್ಬ) ಹಾಕಿ ಐಆರ್ ಬಳಸುವವರಿಗೂ ಇದೇ. ಬರೀ ರೆಸಿಸ್ಟರ್ ಇರುವ ಲೋಡ್ ಹಾಕಿದರೆ ಆಂಪ್‌ಗೆ ಎಲ್ಲ ಕಡೆ ಒಂದೇ 8 ಓಮ್ ಕಾಣುತ್ತದೆ, ಸೌಂಡ್ ಚಪ್ಪಟೆ. ಟೂ ನೋಟ್ಸ್, ಸುಹರ್, ಯೂನಿವರ್ಸಲ್ ಆಡಿಯೋ ಇವರೆಲ್ಲ ಮಾಡುವ ರಿಯಾಕ್ಟಿವ್ ಲೋಡ್‌ಗಳಲ್ಲಿ ಕಾಯಿಲ್, ಕೆಪಾಸಿಟರ್ ಹಾಕಿ ಆ ಕರ್ವ್ ಅನ್ನೇ ಬರಿಸಿರುತ್ತಾರೆ. ಮತ್ತೆ ದಯವಿಟ್ಟು, ಲೋಡ್ ಇಲ್ಲದೆ ಟ್ಯೂಬ್ ಹೆಡ್ ಆನ್ ಮಾಡಿ ಲೈನ್ ಔಟ್‌ನಿಂದ ಐಆರ್‌ಗೆ ಹೋಗಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ನನ್ನ ಟೇಬಲ್‌ಗೆ ಬರುತ್ತದೆ. ಹಾಗೆ ಬಂದವು ಬೇಕಾದಷ್ಟಿವೆ.

ಕರಾವಳಿ_ರಿಫ್:

ಡೆಸ್ಕ್ ಅಕ್ಕ, ಪೆಂಡಾಲ್ ವಿಷಯ ಒಪ್ಪಿದೆ. ಅಲ್ಲಿ ಕ್ಯಾಬ್ ತರೋದು ತಪ್ಪೇ. ಆದರೆ ತಂತಿಗಾರ ಕೇಳಿದ್ದು ತನ್ನ ಹಿಂದೆ ಏನು ಕೇಳಬೇಕು ಅಂತ. ಸ್ಪೀಕರ್‌ನ ಕೋನ್ ಬಿಸಿಯಾಗಿ, ಅಂಚು ನಲುಗಿ, ಜೋರು ಹೊಡೆದಾಗ ತಾನೇ ಸ್ವಲ್ಪ ಅದುಮಿಕೊಳ್ಳುತ್ತದೆ. 25 ವ್ಯಾಟ್ ಸೆಲೆಶನ್ ಗ್ರೀನ್‌ಬ್ಯಾಕ್ ಸ್ಪೀಕರ್ ಮುಂದೆ ನಿಂತವರಿಗೆ ಗೊತ್ತು. ಆ ಅದುಮುವಿಕೆ ಯಾವ ಐಆರ್‌ನಲ್ಲಿದೆ ಹೇಳಿ ನೋಡೋಣ. ನಿಮ್ಮ ಐಆರ್‌ಗೆ ಮೆಲ್ಲಗೆ ಮೀಟಿದರೂ ಅದೇ ಫಿಲ್ಟರ್, ಜೋರಾಗಿ ಬಾರಿಸಿದರೂ ಅದೇ ಫಿಲ್ಟರ್.

ಸೈನ್_ಸ್ವೀಪ್:

ಯಾವ ಐಆರ್‌ನಲ್ಲೂ ಇಲ್ಲ. ಒಪ್ಪಿಕೊಳ್ಳಲೇಬೇಕು. ಐಆರ್ ಅನ್ನೋದು ಲೀನಿಯರ್, ಒಂದು ಕ್ಷಣ ಹಿಡಿದ ಫೋಟೋ. ಸ್ಪೀಕರ್ ಒಡೆಯುವುದು, ಅದುಮುವುದು ಅದರಲ್ಲಿ ಬರಲ್ಲ. ಕೆಲವು ಪ್ರೊಸೆಸರ್‌ಗಳಲ್ಲಿ ಸ್ಪೀಕರ್ ಡ್ರೈವ್, ಸ್ಪೀಕರ್ ಕಂಪ್ರೆಶನ್ ಅಂತ ಬೇರೆ ನಾಬ್ ಇರುವುದು ಅದಕ್ಕೇ.

ಆದರೆ ಪ್ರಮಾಣ ನೋಡಿ. ಗ್ರೀನ್‌ಬ್ಯಾಕ್ ಎರಡಕ್ಕೆ 50 ವ್ಯಾಟ್ ಪೂರ್ತಿ ಕೊಟ್ಟರೆ ನೀವು ಹೇಳಿದ್ದು ಚೆನ್ನಾಗಿ ಕೇಳುತ್ತದೆ. ತಂತಿಗಾರ ಅವರ ವಿಂಟೇಜ್ 30 ತಲಾ 60 ವ್ಯಾಟ್, ಎರಡು ಸೇರಿ 120. ಜ್ಯಾಮ್ ರೂಮ್ ವಾಲ್ಯೂಮ್‌ನಲ್ಲಿ ಅವು ಬೆವರೋದೇ ಇಲ್ಲ. ಆ ರೂಮಿನಲ್ಲಿ ಅವರಿಗೆ ಸಿಕ್ಕ ಫೀಲ್‌ನಲ್ಲಿ ಹೆಚ್ಚಿನ ಪಾಲು ವಾಲ್ಯೂಮ್, ಸ್ಪೀಕರ್ ಇದ್ದ ಕೋನ ಮತ್ತು ವಾಲ್ವ್ ಸರ್ ಹೇಳಿದ ಉಬ್ಬು ಅಂತ ನನ್ನ ಅಂದಾಜು.

ಕರಾವಳಿ_ರಿಫ್:

ಅಂದಾಜು ಅಂತ ನೀವೇ ಹೇಳಿದಿರಿ, ಅಷ್ಟು ಸಾಕು ನನಗೆ.

ತಂತಿಗಾರ:

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬ್ಯಾಂಡ್‌ಗಿಂತ ಮುಂಚೆ ರೂಮಿಗೆ ಹೋಗಿ ಕೂತೆ. ಏನಾಯಿತು ಅಂತ ಹೇಳುತ್ತೇನೆ.

ಸ್ಪೀಕರ್ ಮೂಲೆಯಲ್ಲೇ ಇತ್ತು (ಅಕ್ಕ, ಹೇಗೆ ಗೊತ್ತಾಯಿತು ನಿಮಗೆ). ಹೊರಗೆಳೆದು ಪ್ಲಾಸ್ಟಿಕ್ ಸ್ಟೂಲ್ ಮೇಲಿಟ್ಟೆ. ಗುಂಯ್ ಅನ್ನೋದರಲ್ಲಿ ಅರ್ಧ ಅಲ್ಲೇ ಹೋಯಿತು, ಒಂದು ನಾಬ್ ಮುಟ್ಟದೆ. ಆಮೇಲೆ ಲೋ ಕಟ್ 95, ಹೈ ಕಟ್ 5,800. ಹೈ ಕಟ್ ಹಾಕಿದಾಗ ಒಬ್ಬನೇ ನುಡಿಸುವಾಗ ಕಂಬಳಿ ಹೊದಿಸಿದ ಹಾಗಾಯಿತು, ಬೇಜಾರಾಯಿತು. ಡ್ರಮ್ಮರ್ ಬಂದು ಸಿಂಬಲ್ ಶುರು ಮಾಡಿದ ಮೇಲೆ ನೋಡಿದರೆ ಅದೇ ಸರಿ ಇದೆ! ಮಿಡ್ ಪೂರ್ತಿ ಮೇಲೆತ್ತಿದೆ. ಗೇನ್ ಇಳಿಸಿದೆ. ನಟ್ಟನಡುವಿನ ಎಸ್‌ಎಂ57 ತೆಗೆದು ಅಂಚಿನ ಎಸ್‌ಎಂ57, ಜೊತೆಗೆ ಸ್ವಲ್ಪ ಆರ್-121 ಬೆರೆಸಿದೆ. ನಮ್ಮ ಬಾಸಿಸ್ಟ್ ಯಾವತ್ತೂ ಏನೂ ಹೇಳುವವನಲ್ಲ, ಅವನೇ "ಇವತ್ತು ಗಿಟಾರ್ ಕೇಳಿಸ್ತಿದೆ" ಅಂದ.

ಆ ರೆಸೊನೆನ್ಸ್ ನಾಬ್ ಕೂಡ ಸಿಕ್ಕಿತು, ಮೆನುವಿನ ಮೂರನೇ ಪುಟದಲ್ಲಿ ಅಡಗಿತ್ತು. ಸ್ವಲ್ಪ ಏರಿಸಿದರೆ ಪಾಮ್ ಮ್ಯೂಟ್‌ಗೆ ಹೊಟ್ಟೆ ಬರುತ್ತದೆ, ಜಾಸ್ತಿ ಏರಿಸಿದರೆ ಬಾಸ್ ಗಿಟಾರ್ ಜೊತೆ ಜಗಳ.

ಇನ್ನೂ ಎರಡು ಅನುಮಾನ. ಒಂದು, ಎರಡು ಐಆರ್ ಬೆರೆಸುವಾಗ ಕೆಲವು ಜೋಡಿ ಚೆನ್ನಾಗಿ ದಪ್ಪ ಆಗುತ್ತವೆ, ಕೆಲವು ತೆಳ್ಳಗಾಗಿ ಟೊಳ್ಳು ಆಗುತ್ತವೆ. ಯಾಕೆ? ಇನ್ನೊಂದು, ಜ್ಯಾಮ್ ರೂಮಿನವರು ಹಳೇ ಕ್ಯಾಬ್ ಇನ್ನೂ ಮಾರಿಲ್ಲ. ಅದರದ್ದೇ ಐಆರ್ ನಾನೇ ತೆಗೆಯಬಹುದಾ?

ಸೈನ್_ಸ್ವೀಪ್:

ಟೊಳ್ಳಾಗುವುದು ಫೇಸ್ ವ್ಯತ್ಯಾಸದಿಂದ. ಒಂದು ಮೈಕ್ ಇನ್ನೊಂದಕ್ಕಿಂತ 5 ಸೆಂಟಿಮೀಟರ್ ಹಿಂದಿದ್ದರೆ ಅದರ ಸೌಂಡ್ ಆ 5 ಸೆಂಟಿಮೀಟರ್‌ನಷ್ಟು ತಡ. ಎರಡನ್ನೂ ಸಮ ಸಮ ಕೂಡಿಸಿದರೆ ಸುಮಾರು 3,400 ಹರ್ಟ್ಜ್‌ನಲ್ಲಿ ಒಂದನ್ನೊಂದು ಹೊಡೆದು ಹಾಕುತ್ತವೆ. ಗಿಟಾರ್ ಕಚ್ಚುವ ಜಾಗವೇ ಅದು. ದೂರ 34 ಸೆಂಟಿಮೀಟರ್ ಆದರೆ ಒಂದು ಮಿಲಿಸೆಕೆಂಡ್ ತಡ, ಆಗ 500, 1,500, 2,500 ಹೀಗೆ ಸಾಲಾಗಿ ಗುಂಡಿ ಬೀಳುತ್ತವೆ. ಒಂದೇ ಪ್ಯಾಕ್‌ನ ಐಆರ್‌ಗಳನ್ನು ಮಾಡಿದವರೇ ಅಲೈನ್ ಮಾಡಿರುತ್ತಾರೆ, ಅವು ಸಾಮಾನ್ಯವಾಗಿ ಹೊಂದುತ್ತವೆ. ಬೇರೆ ಬೇರೆ ಕಡೆಯವು ಬೆರೆಸಿದರೆ ಲಾಟರಿ. ಯೂನಿಟ್‌ನಲ್ಲಿ ಡಿಲೇ ಅಥವಾ ಡಿಸ್ಟೆನ್ಸ್ ಇದ್ದರೆ ಒಂದನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಯಾವಾಗ ಮೈ ತುಂಬುತ್ತದೆ ಕೇಳಿ.

ನೀವೇ ತೆಗೆಯಬಹುದು. ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಸ್ವೀಪ್ ಕಳಿಸುವುದೂ ಅದೇ, ವೇವ್ ಫೈಲ್ ಕೊಡುವುದೂ ಅದೇ. ಬೇಕಾದದ್ದು ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಟ್ರಾನ್ಸಿಸ್ಟರ್ ಪವರ್ ಆಂಪ್. ಟ್ಯೂಬ್ ಹೆಡ್‌ನಿಂದ ಸ್ವೀಪ್ ಕಳಿಸಿದರೆ ಅದರ ಉಬ್ಬು ಐಆರ್ ಒಳಗೆ ಕೂರುತ್ತದೆ, ಆಮೇಲೆ ಆಂಪ್ ಮಾಡೆಲ್ ಮತ್ತೊಂದು ಉಬ್ಬು ಸೇರಿಸುತ್ತದೆ, ಮತ್ತೆ ಗುಂಯ್. ಸ್ವೀಪ್ ವಾಲ್ಯೂಮ್ ಮಾತಾಡುವಷ್ಟು ಜೋರು ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಸಾಕು, ಗೋಡೆ ಅದುರಬೇಕಿಲ್ಲ. ಫ್ಯಾನ್ ಆಫ್ ಮಾಡಿ. ಕ್ಯಾಬ್ ಅನ್ನು ಗೋಡೆಗಳಿಂದ ದೂರ, ರೂಮಿನ ನಡುವೆ ಇಡಿ. ಮೈಕ್ ಒಂದು ಅಂಗುಲ ಸರಿದರೂ ಸೌಂಡ್ ಬೇರೆ, ಅದಕ್ಕೆ ಹಲವು ಜಾಗದಲ್ಲಿ ತೆಗೆದು ಫೈಲ್ ಹೆಸರಲ್ಲೇ ಜಾಗ ಬರೆದಿಡಿ. ಇಲ್ಲದಿದ್ದರೆ ಬೆಡ್‌ರೂಮ್ ಹೀರೋ ಹಾರ್ಡ್ ಡಿಸ್ಕ್ ಥರ ಆಗುತ್ತದೆ.

ಫೈಲ್ 48 ಕಿಲೋಹರ್ಟ್ಜ್, 24 ಬಿಟ್, ಮೊನೊ. 44.1ರ ಫೈಲನ್ನು ಬದಲಿಸದೆ 48ರ ಯೂನಿಟ್‌ಗೆ ಹಾಕಿ, ಯೂನಿಟ್ ತಾನೂ ಬದಲಿಸದಿದ್ದರೆ ಕ್ಯಾಬ್ ಸುಮಾರು ಶೇ. 9ರಷ್ಟು ಮೇಲೆ ಸರಿದು ಚಿಕ್ಕ ಡಬ್ಬದ ಹಾಗೆ ಕೇಳುತ್ತದೆ. ಉದ್ದ ಎಷ್ಟು ಅಂತ ಜನ ಜಗಳ ಆಡುತ್ತಾರೆ. 1,024 ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡ್, 2,048 ಅಂದರೆ 43. ಹತ್ತಿರದ ಮೈಕ್‌ಗೆ ಮಿಡ್ ಟ್ರೆಬಲ್ ಎಲ್ಲ ಮೊದಲ ಕೆಲವು ಮಿಲಿಸೆಕೆಂಡ್‌ನಲ್ಲೇ ಮುಗಿಯುತ್ತದೆ. ವ್ಯತ್ಯಾಸ ಕೇಳುವುದು ಕೆಳಗೆ, 100 ಹರ್ಟ್ಜ್ ಸುತ್ತ. ಚಿಕ್ಕ ಐಆರ್ ಅಲ್ಲಿ ಸೂಕ್ಷ್ಮ ವಿವರ ಹಿಡಿಯಲ್ಲ, ದಪ್ಪ ಗೆರೆಯಲ್ಲಿ ಬರೆದ ಹಾಗೆ. ಜಾಗ ಇದ್ದರೆ 2,048 ಹಾಕಿ, ಇಲ್ಲದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಒಂದು ಮೈಕ್ ಅನ್ನು ಒಂದೂವರೆ ಮೀಟರ್ ದೂರ, ನಿಮ್ಮ ಕಿವಿ ಇರುವ ಎತ್ತರದಲ್ಲಿಟ್ಟೂ ತೆಗೆಯಿರಿ. ರೂಮ್ ಸೇರಿಕೊಂಡು ಮಂಕಾಗಿರುತ್ತದೆ, ಒಂಟಿಯಾಗಿ ಕೇಳಿದರೆ ಕೆಲಸಕ್ಕೆ ಬಾರದ್ದು ಅನ್ನಿಸುತ್ತದೆ. ಅದಕ್ಕೆ 200-500 ಮಿಲಿಸೆಕೆಂಡ್ ಉದ್ದ ಬೇಕು. ಅಲೈನ್ ಮಾಡಿ ಹತ್ತಿರದ ಐಆರ್ ಜೊತೆ ಕಾಲು ಭಾಗ ಬೆರೆಸಿ ಎಫ್‌ಆರ್‌ಎಫ್‌ಆರ್‌ನಲ್ಲಿ ಕೇಳಿ. ನೀವು ಕಳೆದುಕೊಂಡ ಕೋನ ಸ್ವಲ್ಪ ವಾಪಸ್ ಬರುತ್ತದೆ.

ಬೆಡ್‌ರೂಮ್_ಹೀರೋ:

ಸಣ್ಣ ಡೌಟ್. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇಳಿಸಿಕೊಂಡ ಕ್ಯಾಪ್ಚರ್‌ಗಳಿಗೆ (ನಿಜವಾದ ಆಂಪ್‌ನ ಸೌಂಡ್ ಕಲಿತ ಫೈಲ್‌ಗಳು) ಐಆರ್ ಹಾಕಿದರೆ ಕೆಲವು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತವೆ. ಕೆಲವು ಚೆನ್ನಾಗಿರುತ್ತವೆ.

ಬಿಸಿ_ವಾಲ್ವ್:

ಆ ಬಾವಿಯವು ಕ್ಯಾಬ್ ಮತ್ತು ಮೈಕ್ ಸೇರಿಸಿಯೇ ಕ್ಯಾಪ್ಚರ್ ಮಾಡಿದವು. ಅದರ ಮೇಲೆ ಇನ್ನೊಂದು ಐಆರ್ ಹಾಕಿದರೆ ಎರಡು ಕ್ಯಾಬ್ ಒಂದರೊಳಗೊಂದು. ವಿವರಣೆ ಓದಿ, ಫುಲ್ ರಿಗ್ ಅಂತ ಇದ್ದರೆ ಐಆರ್ ಬೇಡ. ಐಆರ್ ಆನ್ ಇಟ್ಟು ಗಿಟಾರ್ ಆಂಪ್‌ಗೆ ಚುಚ್ಚಿದರೂ ಇದೇ ಫಲ.

ಡೆಸ್ಕ್_ಹಿಂದೆ:

ತಂತಿಗಾರ, ನಿಮ್ಮ ಸ್ಪೀಕರ್ ಸರಿ ಹೋಗಿದ್ದು ಖುಷಿ. ಒಂದೇ ಒಂದು ವಿನಂತಿ. ರೂಮಿನ ಗುಂಯ್ ಸರಿಪಡಿಸಲು ಹಾಕುವ ಇಕ್ಯೂ ಪ್ಯಾಚ್ ಒಳಗೆ ಹಾಕಬೇಡಿ. ಪ್ಯಾಚ್‌ನಲ್ಲಿರುವ ಲೋ ಕಟ್, ಹೈ ಕಟ್ ಇರಲಿ, ಅವು ನನಗೂ ಬೇಕು. ಆದರೆ "ಈ ರೂಮಿನಲ್ಲಿ 160 ಗುಂಯ್ ಅನ್ನುತ್ತದೆ, ತೆಗೆದೆ" ಅನ್ನುವಂಥದ್ದು ನಿಮ್ಮ ಸ್ಪೀಕರ್‌ಗೆ ಹೋಗುವ ಔಟ್‌ಪುಟ್‌ನಲ್ಲಿ ಮಾತ್ರ ಇರಲಿ. ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಎಕ್ಸ್‌ಎಲ್‌ಆರ್ ಮತ್ತು ಕಾಲಿಂಚು ಜ್ಯಾಕ್‌ಗೆ ಬೇರೆ ಬೇರೆ ಗ್ಲೋಬಲ್ ಇಕ್ಯೂ, ಬೇರೆ ವಾಲ್ಯೂಮ್ ಕೊಡಬಹುದು. ನೀವು ಹಾಡಿನ ನಡುವೆ ಸ್ಪೀಕರ್ ಜೋರು ಮಾಡಲು ಮಾಸ್ಟರ್ ತಿರುಗಿಸಿದಾಗ ನನ್ನ ಚಾನೆಲ್ ಕೆಂಪಾಗಬಾರದು, ಅಷ್ಟೇ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಹಮ್ ಬಂದರೆ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಮುರಿಯಬೇಡಿ, ಯಾರು ಹೇಳಿದರೂ.

ತಂತಿಗಾರ:

ಸರಿ ಅಕ್ಕ, ಎರಡು ಔಟ್‌ಪುಟ್ ಬೇರೆ ಮಾಡುತ್ತೇನೆ.

ರಿಫ್ ಅಣ್ಣಾ, ನಿಮ್ಮ ಮಾತೂ ತಲೆಯಲ್ಲಿ ಕೂತಿದೆ. ಆ ಹಳೇ 2×12 ಕಡಿಮೆ ಬೆಲೆಗೆ ಕೊಡುತ್ತೇವೆ ಅಂದಿದ್ದಾರೆ. ಆರ್ಕೆಸ್ಟ್ರಾಗೆ ಎಫ್‌ಆರ್‌ಎಫ್‌ಆರ್, ಬ್ಯಾಂಡ್ ಪ್ರಾಕ್ಟೀಸ್‌ಗೆ ಕ್ಯಾಬ್ ಅಂತ ಇಟ್ಟುಕೊಳ್ಳೋಣ ಅನ್ನಿಸುತ್ತಿದೆ. ಪೆಡಲ್ ಸೈಜಿನ ಪವರ್ ಆಂಪ್ ನೋಡಿದೆ, 200 ವ್ಯಾಟ್ ಅಂತ ಬರೆದಿದೆ. ಸ್ಪೀಕರ್ ಸುಟ್ಟುಹೋಗಲ್ವಾ? ಮತ್ತೆ ನನ್ನ ಎಫ್‌ಆರ್‌ಎಫ್‌ಆರ್ ಮೇಲೆ 1,000 ವ್ಯಾಟ್ ಅಂತ ಇದೆ, ಅದಕ್ಕಿಂತ ಹಳೇ 50 ವ್ಯಾಟ್ ಹೆಡ್ ಜೋರಾಗಿ ಕೇಳುತ್ತಿತ್ತಲ್ಲ, ಅದೇನು?

ಕರಾವಳಿ_ರಿಫ್:

ತಗೊಳ್ಳಿ ಮಾರಾಯ್ರೆ, ಯೋಚನೆ ಮಾಡ್ಬೇಡಿ. ನಿಮಗೆ ಬೇಡದಿದ್ದರೆ ಮಂಗಳೂರಿನಿಂದ ಬಸ್ ಹತ್ತಿ ನಾನೇ ಬರುತ್ತೇನೆ.

ಬಿಸಿ_ವಾಲ್ವ್:

ಬಾಕ್ಸಿನ ಮೇಲಿನ 1,000 ಅಥವಾ 2,000 ಸಾಮಾನ್ಯವಾಗಿ ಪೀಕ್ ಲೆಕ್ಕ. ಅದನ್ನು ಬಿಡಿ, ಮ್ಯಾಕ್ಸಿಮಮ್ ಎಸ್‌ಪಿಎಲ್ (ಎಷ್ಟು ಜೋರು ಅನ್ನುವ ಡಿಬಿ ಲೆಕ್ಕ) ಎಷ್ಟು ಅಂತ ನೋಡಿ, ಅದೂ ಪೀಕ್ ಅಂತ ಗೊತ್ತಿರಲಿ. ವಿಂಟೇಜ್ 30 ಒಂದು ವ್ಯಾಟ್‌ಗೆ ಒಂದು ಮೀಟರ್‌ನಲ್ಲಿ 100 ಡಿಬಿ ಕೊಡುತ್ತದೆ. 50 ವ್ಯಾಟ್‌ಗೆ 117. ಅದರ ಶಕ್ತಿ ಪೂರ್ತಿ ಗಿಟಾರ್‌ನ ಮಿಡ್‌ನಲ್ಲೇ ಇದೆ. ಫುಲ್ ರೇಂಜ್ ಸ್ಪೀಕರ್ ಅಷ್ಟು ಚುರುಕಾಗಿರಲ್ಲ, ಕೆಳಗೂ ಮೇಲೂ ಹೋಗಬೇಕಲ್ಲ. ವ್ಯಾಟ್ ಎರಡು ಪಟ್ಟು ಮಾಡಿದರೂ ಏರೋದು 3 ಡಿಬಿ ಮಾತ್ರ.

ಪೆಡಲ್ ಆಂಪ್‌ನ 200 ವ್ಯಾಟ್ ಸಾಮಾನ್ಯವಾಗಿ 4 ಓಮ್‌ಗೆ. 8 ಓಮ್‌ಗೆ ಹೆಚ್ಚುಕಡಿಮೆ ಅರ್ಧ, 16 ಓಮ್‌ಗೆ ಕಾಲು. ಪ್ರೊಸೆಸರ್‌ನಲ್ಲಿ ಐಆರ್ ಮಾತ್ರ ಆಫ್ ಮಾಡಿ, ಪವರ್ ಆಂಪ್ ಮಾಡೆಲ್ ಆನ್ ಇರಲಿ, ಟ್ರಾನ್ಸಿಸ್ಟರ್ ಆಂಪ್ ಆದ್ದರಿಂದ ಆ ಉಬ್ಬು ಮಾಡೆಲ್‌ನಿಂದಲೇ ಬರಬೇಕು. ಎಕ್ಸ್‌ಎಲ್‌ಆರ್ ಔಟ್‌ಗೆ ಮಾತ್ರ ಐಆರ್ ಇರುವ ದಾರಿ ಬೇರೆ ಮಾಡಿ. ಕ್ಯಾಬ್ ಹಿಂದಿನ ಪ್ಲೇಟ್ ಮೇಲೆ ಎಷ್ಟು ಓಮ್ ಅಂತ ಇದೆ?

ತಂತಿಗಾರ:

ಫೋನ್ ಮಾಡಿ ಕೇಳಿದೆ. 16 ಓಮ್ ಮೊನೊ ಅಂತೆ.

ಬಿಸಿ_ವಾಲ್ವ್:

ಹಾಗಾದರೆ 50 ವ್ಯಾಟ್ ಹತ್ತಿರ ಸಿಗುತ್ತದೆ, ಕ್ಯಾಬ್ 120 ತಡೆಯುತ್ತದೆ. ಏನೂ ಸುಡಲ್ಲ, ಡ್ರಮ್ಮರ್‌ಗೂ ಸಾಕು. ಮಧ್ಯೆ ಸ್ಪೀಕರ್ ಕೇಬಲ್ಲೇ ಹಾಕಿ, ಗಿಟಾರ್ ಕೇಬಲ್ ಹಾಕಬೇಡಿ.